ಎರಡು ಬೆರಳು ಆಚೆಗಿದ್ದ ಮೊಳೆ

ಕ್ಯಾಬಿನೆಟ್ಟಿನ ಬಾಗಿಲು ತೆಗೆದರೆ ದೀಪ ಆರುತ್ತಿತ್ತು, ಮುಚ್ಚಿದರೆ ಹತ್ತುತ್ತಿತ್ತು. ಜೋಡಣಾ ವಿಭಾಗದ ಮೇಲ್ವಿಚಾರಕ ಅದನ್ನು ನನಗೆ ನಾಲ್ಕು ಸಲ ಮಾಡಿ ತೋರಿಸಿದ. ಐದನೆಯ ಸಲಕ್ಕೆ ಬಾಗಿಲಿನ ಹಿಡಿಗೆ ಕೈ ಹಾಕಿದಾಗ "ಸಾಕು ಮಾರಾಯ" ಎಂದು ಕನ್ನಡದಲ್ಲೇ ಅಂದುಬಿಟ್ಟೆ. ಅವನಿಗೆ ಅರ್ಥವಾಗಲಿಲ್ಲ, ಆದರೂ ನಿಲ್ಲಿಸಿದ.

ತೊಂಬತ್ತರ ದಶಕದ ನಡುವಿನ ಮಾತು. ಉತ್ತರ ಕ್ಯಾರೊಲಿನಾದ ಏಪೆಕ್ಸ್‌ನಲ್ಲಿ ನಮ್ಮ ಮನೆ. ಅಲ್ಲಿಂದ ಇಪ್ಪತ್ತು ನಿಮಿಷದ ದೂರದಲ್ಲಿ ಟೆಲಿಫೋನ್ ಉಪಕರಣ ತಯಾರಿಸುವ ಒಂದು ದೊಡ್ಡ ಕಂಪನಿಯಲ್ಲಿ ನನ್ನ ಕೆಲಸ. ಹೊರಗಿನವರು ಮಾಡಿಕೊಡುವ ಬಿಡಿಭಾಗಗಳ ಗುಣಮಟ್ಟ ನೋಡುವವಳು ನಾನು. ದೀಪ ಆರಿಸುತ್ತಿದ್ದದ್ದು, ಟೆಲಿಫೋನ್ ಉಪಕರಣ ಕೂರಿಸುವ ಆ ಕ್ಯಾಬಿನೆಟ್ಟಿನ ಬಾಗಿಲಿಗೆ ಹೋಗುವ ವೈರುಗಳ ಕಟ್ಟು, ಹಾರ್ನೆಸ್ ಅನ್ನುತ್ತಾರೆ. ಅದನ್ನು ಮಾಡಿ ಕಳಿಸಿದ್ದು ಎರಡು ಗಂಟೆ ಪ್ರಯಾಣದಷ್ಟು ಪೂರ್ವಕ್ಕಿದ್ದ ಒಂದು ಸಣ್ಣ ಕಾರ್ಖಾನೆ. ಕಪ್ಪು ಅಮೆರಿಕನ್ನರ ಸಣ್ಣ ಉದ್ದಿಮೆಗಳನ್ನು ಬೆಳೆಸುತ್ತೇವೆ ಎಂದು ಕಂಪನಿ ಆಗಷ್ಟೇ ಒಂದು ಕಾರ್ಯಕ್ರಮ ಶುರು ಮಾಡಿತ್ತು, ಅದರಲ್ಲಿ ಆಯ್ಕೆಯಾದ ಮೊದಲ ಕಾರ್ಖಾನೆ ಅದು. ಉದ್ಘಾಟನೆಯ ದಿನ ನಮ್ಮ ಲಾಬಿಯಲ್ಲಿ ಫಲಕ, ಫೋಟೋ, ಕೇಕು ಎಲ್ಲ ಆಯಿತು. ಕಾರ್ಖಾನೆಯ ಒಡತಿಯನ್ನು ಲಾಬಿಯಿಂದ ಒಳಗೆ ಮಾತ್ರ ಯಾರೂ ಕರೆದುಕೊಂಡು ಹೋಗಲಿಲ್ಲ. ನಾನೂ ಕರೆದುಕೊಂಡು ಹೋಗಲಿಲ್ಲ.

ಹೊಸಬರು ಕಳಿಸುವ ಮಾಲಿನ ಮೊದಲ ಎರಡು ಕಂತುಗಳು ಒಪ್ಪಿಗೆಯಾದರೆ ಮಾತ್ರ ಅವರ ಹೆಸರು ಸರಬರಾಜುದಾರರ ಪಟ್ಟಿಯಲ್ಲಿ ಉಳಿಯುತ್ತಿತ್ತು. ಮೊದಲ ಕಂತನ್ನು ಪರೀಕ್ಷೆಯ ಮೇಜಿನ ಮೇಲೆ ನೋಡಿ ಪಾಸು ಮಾಡಿದ್ದೆವು, ಕ್ಯಾಬಿನೆಟ್ಟಿಗೆ ಹಾಕಿರಲಿಲ್ಲ. ಇದು ಎರಡನೆಯದು. ತಿರಸ್ಕಾರದ ವರದಿಯಲ್ಲಿ ಕಾರಣದ ಸಂಕೇತವನ್ನು ನಾನು ತುಂಬಬೇಕು. 'ಕೈಕೆಲಸದ ದೋಷ' ಎಂದು ತುಂಬಿದರೆ ಶುಕ್ರವಾರದ ಸಭೆಯಲ್ಲಿ ಹೆಸರು ತೆಗೆಯುತ್ತಾರೆ. ನಮ್ಮ ಆರ್ಡರನ್ನು ನಂಬಿ ಒಡತಿ ಹಳೆಯ ಗಿರಾಕಿಯೊಬ್ಬರ ಕೆಲಸ ಬಿಟ್ಟುಕೊಟ್ಟಿದ್ದರು, ಎಂಟು ಹೆಂಗಸರನ್ನು ಹೊಸದಾಗಿ ಸೇರಿಸಿಕೊಂಡಿದ್ದರು. ಹೆಸರು ಹೋದರೆ ಆ ಎಂಟು ಜನವೂ ಮನೆಗೆ.

ಖರೀದಿ ವಿಭಾಗದ ಮ್ಯಾನೇಜರ್ ಆಗಲೇ ಮನಸ್ಸಿನಲ್ಲಿ ವರದಿ ಮುಗಿಸಿದ್ದ. ಬಹಳ ಸಭ್ಯ ಮನುಷ್ಯ, ಯಾರನ್ನೂ ಬೈದವನಲ್ಲ. "ಪಾಪ, ತುಂಬಾ ಪ್ರಯತ್ನ ಪಟ್ಟರು" ಅಂದ. ಆ 'ಪಾಪ' ಕೇಳಿ ನನಗೆ ಮೈ ಉರಿಯಿತು. ನಮ್ಮೂರಿನಿಂದ ಬಂದ ಎಂಜಿನಿಯರುಗಳ ಇಂಗ್ಲಿಷಿನ ಬಗ್ಗೆಯೂ ಅವನು ಅದೇ ದನಿಯಲ್ಲಿ ಮಾತಾಡುತ್ತಿದ್ದ.

ಮರುದಿನ ಬೆಳಿಗ್ಗೆ ಪರೀಕ್ಷೆಯ ಸಲಕರಣೆಗಳನ್ನು ಕಾರಿನ ಡಿಕ್ಕಿಗೆ ತುಂಬಿಕೊಂಡು ಹೊರಟೆ. ಹಿಂದೆ ಕಾಲುಚೀಲ ನೇಯುತ್ತಿದ್ದ ಒಂದು ಗಿರಣಿಯ ಹಿಂಭಾಗದಲ್ಲಿ ಆ ಕಾರ್ಖಾನೆ ನಡೆಯುತ್ತಿತ್ತು. ಒಡತಿಗೆ ಐವತ್ತೈದರ ಆಸುಪಾಸು. ಸೈನ್ಯಕ್ಕೆ ಉಪಕರಣ ಮಾಡುವ ದೊಡ್ಡ ಕಾರ್ಖಾನೆಯೊಂದರಲ್ಲಿ ಇಪ್ಪತ್ತೆರಡು ವರ್ಷ ವೈರು ಕಟ್ಟಿ, ತಾವೇ ಕೆಲಸ ಕಲಿಸಿದ ಹುಡುಗರು ತಮಗೇ ಮೇಲಧಿಕಾರಿಗಳಾಗುವುದನ್ನು ನೋಡಿ ನೋಡಿ ಸಾಕಾಗಿ ಹೊರಬಂದವರು. ಎಲ್ಲರನ್ನೂ 'ಬೇಬಿ' ಎಂದು ಕರೆಯುತ್ತಿದ್ದರು. ಮೂವತ್ತಮೂರು ವರ್ಷದ ನಾನೂ ಬೇಬಿ.

"ಏನು ಹುಡುಕೋಕೆ ಬಂದಿದೀಯ, ಬೇಬಿ?" ಅಂದರು. ಅವರ ಇಂಗ್ಲಿಷನ್ನು ನನ್ನ ಕಿವಿಗೆ ಬಿದ್ದ ಹಾಗೆ ಕನ್ನಡದಲ್ಲಿ ಬರೆಯುತ್ತಿದ್ದೇನೆ.

"ನಿಮ್ಮ ತಪ್ಪು ಏನು ಅಂತ."

"ಹುಡುಕು. ಸಿಕ್ಕಿದರೆ ನನಗೂ ತೋರಿಸು."

ವೈರಿನ ತುದಿಗೆ ಲೋಹದ ಟರ್ಮಿನಲ್ಲನ್ನು ಒತ್ತಿ ಕಚ್ಚಿಸುತ್ತಾರಲ್ಲ, ಆ ಕಚ್ಚು ಸಡಿಲವಾಗಿರಬೇಕು ಎಂಬುದು ನಮ್ಮವರ ಅನುಮಾನ. ಎಳೆದು ನೋಡುವ ಯಂತ್ರಕ್ಕೆ ಒಂದೊಂದೇ ವೈರು ಸಿಕ್ಕಿಸಿ ಎಳೆದೆ. ಪ್ರತಿ ಸಲವೂ ವೈರೇ ತುಂಡಾಯಿತು, ಟರ್ಮಿನಲ್ ಬಿಡಲಿಲ್ಲ. ಕಚ್ಚಿನ ಎತ್ತರವನ್ನು ಮೈಕ್ರೊಮೀಟರಿನಲ್ಲಿ ಅಳೆದೆ, ಸರಿಯಾಗಿತ್ತು. ಒತ್ತುವ ಯಂತ್ರದ ಅಚ್ಚು ಬಿಚ್ಚಿಸಿ ಭೂತಗನ್ನಡಿ ಹಿಡಿದು ನೋಡಿದೆ. ಅದೂ ಸರಿ. ಹೆಂಗಸರು ತಮ್ಮ ಪಾಡಿಗೆ ಕೆಲಸ ಮಾಡುತ್ತ, ಓರೆಗಣ್ಣಿನಿಂದ ನನ್ನನ್ನು ನೋಡುತ್ತಿದ್ದರು. ಕುಳಿತಲ್ಲಿ ಕೂರಲಾಗಲಿಲ್ಲ. ಮೇಜಿನಿಂದ ಮೇಜಿಗೆ ಓಡಾಡಿದೆ, ಅಳೆದದ್ದನ್ನೇ ಮತ್ತೆ ಅಳೆದೆ. ಸಂಜೆಯ ಹೊತ್ತಿಗೆ ಒಂದು ಸಣ್ಣ ತಪ್ಪಾದರೂ ಸಿಗಲಿ ಎಂದು ಆಸೆಪಡುವ ಮಟ್ಟಕ್ಕೆ ಇಳಿದಿದ್ದೆ. ಅದನ್ನು ನೆನೆದರೆ ಈಗಲೂ ನಾಚಿಕೆಯಾಗುತ್ತದೆ.

ಆ ರಾತ್ರಿ ಅಲ್ಲೇ ಮೋಟೆಲಿನಲ್ಲಿ ಉಳಿದು ಬುಧವಾರ ಮತ್ತೆ ಹೋದೆ. ಮಧ್ಯಾಹ್ನ ಒಡತಿ ನನ್ನ ಮುಂದೆ ಒಂದು ಡಬ್ಬಿ ಇಟ್ಟರು. ಹಿಂದಿನ ದಿನ ಅವರು ಕೊಟ್ಟ ಸೊಪ್ಪಿನ ಪಲ್ಯದಲ್ಲಿ ಹಂದಿಮಾಂಸ ಇದೆ ಎಂದು ನಾನು ತಿಂದಿರಲಿಲ್ಲ. "ಮಾಂಸ ಹಾಕದೆ ಬೇಯಿಸಿದೀನಿ. ನಮ್ಮಮ್ಮ ನೋಡಿದ್ದರೆ ಇದನ್ನು ಸೊಪ್ಪು ಅಂತಾನೇ ಒಪ್ಪಿಕೊಳ್ಳುತ್ತಿರಲಿಲ್ಲ" ಅಂದರು. ಉಪ್ಪು ಖಾರ ಚೆನ್ನಾಗಿತ್ತು. ಡಬ್ಬಿ ಕೈಯಲ್ಲಿ ಹಿಡಿದುಕೊಂಡು ತಿನ್ನುತ್ತಲೇ ಓಡಾಡುತ್ತಿದ್ದೆ. ಆಗ ಹಾರ್ನೆಸ್ ಕಟ್ಟುವ ಹಲಗೆಯ ಮುಂದೆ ನಿಂತೆ.

ಒಂದು ಪ್ಲೈವುಡ್ ಹಲಗೆಗೆ ನಕ್ಷೆಯನ್ನು ಹಾರ್ನೆಸ್ಸಿನ ನಿಜ ಅಳತೆಯಲ್ಲೇ ಅಂಟಿಸಿ, ವೈರು ಬಾಗುವ ಕಡೆ, ಕವಲೊಡೆಯುವ ಕಡೆ, ಮುಗಿಯುವ ಕಡೆ ಮೊಳೆ ಹೊಡೆದಿರುತ್ತಾರೆ. ಮೊಳೆಗಳ ನಡುವೆ ವೈರು ಹಾಯಿಸಿ ಕಟ್ಟಿದರೆ ಹಾರ್ನೆಸ್ ಸಿದ್ಧ. ಬಾಗಿಲಿಗೆ ಹೋಗುವ ಕವಲಿನ ತುದಿಯ ಮೊಳೆ ನಕ್ಷೆಯ ಗೆರೆಯ ಮೇಲೆ ಸರಿಯಾಗಿಯೇ ನಿಂತಿತ್ತು. ಅದರಿಂದ ಸ್ವಲ್ಪ ಆಚೆಗೆ ಕಾಗದ ತೂತಾಗಿ, ಒಳಗೆ ಮರದ ಪುಡಿಯ ಮೆತ್ತೆ ತುಂಬಿದ ಗುರುತು ಕಂಡಿತು.

"ಇಲ್ಲೇನಿತ್ತು?"

"ಮೊಳೆ."

"ಯಾಕೆ ಕಿತ್ತಿರಿ?"

ಒಡತಿ ಹಲಗೆಯ ಮೇಲಿನ ಗೋಡೆಗೆ ಕಣ್ಣು ಹಾಯಿಸಿದರು. ಅಲ್ಲಿ ಒಂದು ಫ್ಯಾಕ್ಸ್ ಹಾಳೆಯನ್ನು ಪಿನ್ನು ಚುಚ್ಚಿ ತೂಗುಹಾಕಿದ್ದರು. 'ನಕ್ಷೆಯಲ್ಲಿ ಇರುವಂತೆಯೇ ಮಾಡಿ. ಕೂದಲೆಳೆಯಷ್ಟೂ ಬದಲಾವಣೆ ಬೇಡ.' ಕೆಳಗೆ ನನ್ನ ಸಹಿ.

ಎಲ್ಲ ನೆನಪಾಯಿತು. ಕೆಲಸ ಶುರುವಾಗುವ ಮೊದಲೇ ಒಡತಿ ಫೋನ್ ಮಾಡಿ, ಆ ಕವಲು ಗಿಡ್ಡವಾಗಿದೆ ಅನ್ನಿಸುತ್ತೆ, ನಕ್ಷೆ ಬರೆದವರನ್ನು ಕೇಳಬಹುದಾ ಎಂದಿದ್ದರು. ಬೇಡ ಎಂದು ನಾನೇ ಹೇಳಿ, ಫ್ಯಾಕ್ಸನ್ನೂ ಕಳಿಸಿದ್ದೆ.

"ಬಾಗಿಲಿಗೆ ಹೋಗೋ ವೈರಿಗೆ ಎರಡು ಬೆರಳು ಸಡಿಲ ಬಿಡದೆ ಯಾರು ಕಟ್ತಾರೆ?" ಒಡತಿ ತಮ್ಮ ಎರಡು ಬೆರಳು ಜೋಡಿಸಿ ಮೊಳೆಗೂ ಆ ಗುರುತಿಗೂ ನಡುವೆ ಇಟ್ಟರು. ಸರಿಯಾಗಿ ಕೂತವು. "ನನ್ನ ಕೈ ಅಲ್ಲಿಗೇ ಹೋಗಿ ಮೊಳೆ ಹೊಡೆದಿತ್ತು. ನಿನ್ನ ಕಾಗದ ಬಂದಮೇಲೆ ಕಿತ್ತೆ."

"ನನಗೆ ಮತ್ತೆ ಯಾಕೆ ಹೇಳಲಿಲ್ಲ? ನಿನ್ನೆಯಿಂದ ಇಲ್ಲೇ ಇದೀನಲ್ಲ."

"ಒಂದು ಸಲ ಹೇಳಿದ್ದೆ. ಎರಡನೇ ಸಲ ಹೇಳಿದರೆ ನನ್ನಂಥವಳನ್ನು ತಕರಾರಿನವಳು ಅಂತಾರೆ. ನಿನಗೆ ಗೊತ್ತಿಲ್ವಾ?"

ಗೊತ್ತಿತ್ತು. ಆ ಫ್ಯಾಕ್ಸನ್ನು ನಾನು ಬರೆದದ್ದೂ ಅದೇ ಭಯದಿಂದ. ಬೆಂಗಳೂರಿನ ಸರ್ಕಾರಿ ಕಾರ್ಖಾನೆಯ ತಪಾಸಣಾ ವಿಭಾಗದಲ್ಲಿ ಬೆಳೆದವಳು ನಾನು, ಅಲ್ಲಿ ನಕ್ಷೆಯೆಂದರೆ ದೇವರ ಪಟ. ಅಮೆರಿಕಕ್ಕೆ ಬಂದಮೇಲೆ ಹಿರಿಯರೊಬ್ಬರು ಬುದ್ಧಿ ಹೇಳಿದ್ದರು: ಹೇಳಿದಷ್ಟು ಮಾಡು, ಪ್ರಶ್ನೆ ಕೇಳಬೇಡ, ತಪ್ಪು ಹುಡುಕುವವರಿಗೆ ಜಾಗ ಕೊಡಬೇಡ. ವೀಸಾದ ಮೇಲೆ ಬದುಕುವವರ ಈ ಜಾಣತನವನ್ನೇ ಒಡತಿಗೂ ದಾಟಿಸಿದ್ದೆ, ಉಪಕಾರ ಮಾಡುತ್ತಿದ್ದೇನೆ ಎಂದುಕೊಂಡು. ಇಪ್ಪತ್ತೆರಡು ವರ್ಷ ವೈರು ಕಟ್ಟಿದ ಕೈಗೆ ನಾನು ಬುದ್ಧಿ ಹೇಳಿದ್ದೆ.

ಡಬ್ಬಿ ಅಲ್ಲೇ ಬಿಟ್ಟು ಓಡಿದೆ. ನಮ್ಮ ಜೋಡಣಾ ವಿಭಾಗಕ್ಕೆ ಬಂದು, ಹಳೆಯ ಸರಬರಾಜುದಾರರ ಹಾರ್ನೆಸ್ ಹಾಕಿದ ಒಂದು ಕ್ಯಾಬಿನೆಟ್ ತೆಗೆಸಿದೆ. ಬಾಗಿಲು ತೆಗೆದರೂ ದೀಪ ಹತ್ತಿಕೊಂಡೇ ಇತ್ತು. ಕವಲನ್ನು ಅಳೆದರೆ ನಕ್ಷೆಗಿಂತ ಎರಡು ಬೆರಳು ಉದ್ದ. ಪಕ್ಕದ ಕ್ಯಾಬಿನೆಟ್ಟಿನದೂ ಅಷ್ಟೇ. ನಕ್ಷೆ ಮೀರಿದ್ದು ಯಾವ ತಕರಾರೂ ಇಲ್ಲದೆ ಒಳಗೆ ಬರುತ್ತಿತ್ತು, ನಕ್ಷೆಯಂತೆ ಮಾಡಿದ್ದು ಹಿಂದಕ್ಕೆ ಹೋಗುತ್ತಿತ್ತು. ಗಿಡ್ಡ ಕವಲಾದರೆ ಬಾಗಿಲು ತೆಗೆದಾಗ ವೈರು ಬಿಗಿದು, ಟರ್ಮಿನಲ್ ತನ್ನ ಗೂಡಿನಿಂದ ತುಸು ಹಿಂದೆ ಸರಿಯುತ್ತದೆ. ಇಷ್ಟೇ ರೋಗ.

ಹಾಗಾದರೆ ಹಳೆಯವರಿಗೆ ಹೇಳಿದವರು ಯಾರು? ನಕ್ಷೆ ಬರೆಯುವ ಕಚೇರಿ ವರ್ಜೀನಿಯಾದ ರೆಸ್ಟನ್‌ನಲ್ಲಿತ್ತು. ಗುರುವಾರ ಬೆಳಕು ಹರಿಯುವ ಮೊದಲೇ ಕಾರು ಹತ್ತಿ, ಹತ್ತೂವರೆಯ ಹೊತ್ತಿಗೆ ಅಲ್ಲಿನ ಹಿರಿಯ ಎಂಜಿನಿಯರ್ ಮೇಜಿನ ಮುಂದೆ ನಿಂತಿದ್ದೆ. ಮೈಸೂರಿನವರು, ಬೆಂಗಳೂರಿನ ಅದೇ ಕಾರ್ಖಾನೆಯಲ್ಲಿ ನನಗಿಂತ ಹದಿನೈದು ವರ್ಷ ಹಿರಿಯರು. ನಾವು ಅಮೆರಿಕಕ್ಕೆ ಬಂದ ಹೊಸದರಲ್ಲಿ ಅಲ್ಲೇ ಪಕ್ಕದ ಶ್ಯಾಂಟಿಲಿಯ ತಮ್ಮ ಮನೆಯಲ್ಲಿ ನಮ್ಮನ್ನು ಒಂದು ತಿಂಗಳು ಇಟ್ಟುಕೊಂಡಿದ್ದವರು. ಪ್ರಶ್ನೆ ಕೇಳಬೇಡ ಎಂದು ಬುದ್ಧಿ ಹೇಳಿದವರೂ ಅವರೇ.

"ಏನಮ್ಮಾ, ಅಷ್ಟು ದೂರದಿಂದ ಡ್ರೈವ್ ಮಾಡ್ಕೊಂಡ್ ಬಂದಿದೀಯಲ್ಲ! ಫೋನ್ ಮಾಡಿದ್ರೆ ಆಗ್ತಿರ್ಲಿಲ್ವಾ?"

"ಫೋನಲ್ಲಿ ನೀವು ಡ್ರಾಯರ್ ತೆಗ್ದು ತೋರ್ಸಕ್ಕಾಗಲ್ವಲ್ಲ ಸರ್."

ವಿಷಯ ಹೇಳಿದೆ. ಅವರು ನಿರಾಳವಾಗಿ ಕೆಳಗಿನ ಡ್ರಾಯರ್ ಎಳೆದು ಒಂದು ಪ್ರತಿ ಹೊರತೆಗೆದರು. ಆ ಕವಲಿನ ಪಕ್ಕದಲ್ಲಿ ಕೆಂಪು ಪೆನ್ಸಿಲಿನಿಂದ ತಿದ್ದಿದ ಹೊಸ ಅಳತೆ.

"ಇದೇನಾ? ಒಳಗಡೆ ವೈರ್ ಹಿಡ್ಕೊಳ್ಳೋ ಬ್ರ್ಯಾಕೆಟ್ ಶಿಫ್ಟ್ ಮಾಡ್ದಾಗ್ಲೇ ಮಾರ್ಕ್ ಮಾಡಿ ಇಟ್ಟಿದೀನಲ್ಲ. ಎಲ್ರಿಗೂ ಗೊತ್ತಿದೆ ಇದು."

"ಎಲ್ರಿಗೂ ಅಂದ್ರೆ ಯಾರಿಗ್ ಸರ್?"

"ಹಳೇ ಸಪ್ಲೈಯರ್ ಕಡೆಯೋನು ಶುಕ್ರವಾರ ಶುಕ್ರವಾರ ಡೋನಟ್ ಬಾಕ್ಸ್ ಹಿಡ್ಕೊಂಡ್ ಬಂದು ಇಲ್ಲೇ ಕೂತ್ಕೋತಾನೆ. ಅವ್ನು ಕೇಳ್ದ, ನಾನು ಕಾಪಿ ಕೊಟ್ಟೆ. ನಿಮ್ಮೋರು ಕೇಳ್ಲೇ ಇಲ್ವಲ್ಲಮ್ಮ."

"ಕೇಳಿದ್ರು ಸರ್. ನನ್ನ ಕೇಳಿದ್ರು."

ಅವರು ಕನ್ನಡಕ ತೆಗೆದು ಒರೆಸಿದರು. ಆಮೇಲೆ ದನಿ ತಗ್ಗಿಸಿದರು. "ನೋಡು, ಫಾರ್ಮಲ್ಲಾಗಿ ರಿವೈಸ್ ಮಾಡ್ಬೇಕಂದ್ರೆ ಹತ್ತು ಜನ ಸೈನ್ ಮಾಡ್ಬೇಕು. ಇಷ್ಟು ದಿನ ಯಾಕ್ ಮಾಡ್ಲಿಲ್ಲ ಅಂತ ನನ್ನ ಹಿಡ್ಕೋತಾರೆ. ನಿಂದೂ ಗ್ರೀನ್ ಕಾರ್ಡ್ ಫೈಲ್ ಆಗಿದೆ, ಈಗ ಯಾವ್ ರಿಪೋರ್ಟಲ್ಲೂ ನಿನ್ ಹೆಸ್ರು ಬರೋದ್ ಬೇಡ. ಈ ಕಾಪಿ ತಗೊಂಡ್ ಹೋಗಿ ಆಕೆಗೆ ಸುಮ್ನೆ ಕೊಟ್ಬಿಡು. ಮುಂದಿನ್ ಸಲ ಸರಿಯಾಗ್ ಮಾಡ್ತಾರೆ."

"ಮುಂದಿನ್ ಸಲ ಅನ್ನೋದೇ ಇರಲ್ಲ ಸರ್. ನಾಳೆ ಹೆಸ್ರು ತೆಗೀತಾರೆ."

"ನಿನ್ನಿಷ್ಟ" ಅಂದರು. ಕಾಪಿಯನ್ನು ಮಾತ್ರ ಕೈಗೆ ಕೊಟ್ಟರು.

ಹಿಂದಿರುಗುವಾಗ ದಾರಿಯುದ್ದಕ್ಕೂ ನನ್ನೊಳಗೆ ಒಂದು ಕೋರ್ಟು ನಡೆಯಿತು. ಕೆಲಸ ಹೋದರೆ ವೀಸಾ ಹೋಗುತ್ತದೆ. ಈ ಕಾಗದ ತೋರಿಸಿದರೆ, ನಮಗೆ ಅನ್ನ ಹಾಕಿದ ಮನೆಯವರ ಕೈಬರಹವನ್ನೇ ಸಭೆಯ ಮುಂದೆ ಹರಡಿದ ಹಾಗಾಗುತ್ತದೆ. ತೋರಿಸದಿದ್ದರೆ ಎಂಟು ಹೆಂಗಸರು. ವರ್ಜೀನಿಯಾದ ಗಡಿ ದಾಟಿದ ಮೇಲೆ ಒಂದು ವಿಶ್ರಾಂತಿ ತಾಣದಲ್ಲಿ ಕಾರು ನಿಲ್ಲಿಸಿದೆ. ಇನ್ನೂ ಬಿಸಿಲಿತ್ತು. ವರದಿಯ ಹಾಳೆಯನ್ನು ಸ್ಟೀರಿಂಗ್ ಮೇಲಿಟ್ಟುಕೊಂಡು ಸಂಕೇತಗಳ ಪಟ್ಟಿ ಓದಿದೆ. ಕೈಕೆಲಸ, ಕಚ್ಚಾವಸ್ತು, ಯಂತ್ರ, ಸಾಗಣೆ. ಎಲ್ಲವೂ ಸರಬರಾಜುದಾರರ ತಪ್ಪುಗಳೇ. ನಮ್ಮ ಕಡೆಯ ತಪ್ಪಿಗೆ ಸಂಕೇತವೇ ಇರಲಿಲ್ಲ. ಪಟ್ಟಿ ಮಾಡಿದವರಿಗೆ ಅಂಥದ್ದೊಂದು ನಡೆಯಬಹುದು ಎಂದು ಹೊಳೆದೇ ಇರಲಿಲ್ಲ. ಎಷ್ಟೋ ಹೊತ್ತು ಅದನ್ನೇ ನೋಡುತ್ತ ಕುಳಿತೆ. ಹೆದರಿಕೆಗಿಂತ ಸಿಟ್ಟು ದೊಡ್ಡದಾಯಿತು. 'ಇತರೆ' ಎಂಬಲ್ಲಿ ಗುರುತು ಹಾಕಿ ಬರೆದೆ: 'ನಕ್ಷೆ ತಪ್ಪು. ಸರಬರಾಜುದಾರರು ಮೊದಲೇ ಎಚ್ಚರಿಸಿದ್ದರು. ತಪ್ಪಾಗಿಯೇ ಮಾಡಲು ಆದೇಶಿಸಿದವಳು ಈ ವರದಿಗೆ ಸಹಿ ಮಾಡಿರುವವಳು.'

ಸಹಿ ಮಾಡಿದ ಮೇಲೆ, ಮನಸ್ಸು ಬದಲಾಗುವ ಮೊದಲೇ, ಅಲ್ಲಿದ್ದ ಪೇ ಫೋನಿನಿಂದ ಒಡತಿಗೆ ಫೋನ್ ಮಾಡಿದೆ.

"ನಾಳೆ ಬೆಳಿಗ್ಗೆ ಎಂಟಕ್ಕೆ ನಮ್ಮಲ್ಲಿಗೆ ಬನ್ನಿ. ಆ ಹಲಗೆ ತನ್ನಿ, ಫ್ಯಾಕ್ಸ್ ತನ್ನಿ. ಮೊಳೆಯನ್ನು ಮೊದಲಿದ್ದ ಕಡೆ ಹೊಡೆದು ಒಂದು ಹಾರ್ನೆಸ್ ಕಟ್ಟಿ ತನ್ನಿ."

"ಇದರಿಂದ ನಿನಗೆ ತೊಂದರೆ ಆಗುತ್ತಾ, ಬೇಬಿ?"

"ಗೊತ್ತಿಲ್ಲ."

"ಗೊತ್ತಿಲ್ಲ ಅಂತ ನೀನು ನನಗೆ ಹೇಳಿದ್ದು ಇದೇ ಮೊದಲು" ಅಂದು ಫೋನ್ ಇಟ್ಟರು.

ಶುಕ್ರವಾರ ಅವರು ಭಾನುವಾರ ಚರ್ಚಿಗೆ ಹೋಗುವ ನೀಲಿ ಸೂಟು ತೊಟ್ಟು, ಕಂಕುಳಲ್ಲಿ ಪ್ಲೈವುಡ್ ಹಲಗೆ ಇರುಕಿಕೊಂಡು ಲಾಬಿಗೆ ಬಂದರು. ಅಲ್ಲಿನ ಗೋಡೆಯ ಮೇಲೆ ಉದ್ಘಾಟನೆಯ ದಿನದ ಅವರದೇ ಫೋಟೋ ನಗುತ್ತಿತ್ತು. ಸ್ವಾಗತಕಾರಿಣಿ ಮಾತ್ರ, ಸರಬರಾಜುದಾರರು ಜೋಡಣಾ ವಿಭಾಗಕ್ಕೆ ಹೋಗುವಂತಿಲ್ಲ ಎಂದಳು. ಡೋನಟ್ ತರುವವನು ಶುಕ್ರವಾರ ಶುಕ್ರವಾರ ಎಲ್ಲಿಗೆ ಹೋಗುತ್ತಾನೆ ಎಂದು ರೆಸ್ಟನ್‌ನವರನ್ನು ಕೇಳಿ ನೋಡು ಎಂದು ನಾಲಿಗೆಯ ತುದಿಗೆ ಬಂದಿತ್ತು. ನುಂಗಿಕೊಂಡು, ನನ್ನ ಜವಾಬ್ದಾರಿಯೆಂದು ಪುಸ್ತಕದಲ್ಲಿ ಬರೆದು ಒಳಗೆ ಕರೆದುಕೊಂಡು ಹೋದೆ. ಖರೀದಿ ಮ್ಯಾನೇಜರನ್ನೂ ಸಭೆಯ ಕೋಣೆಯಿಂದ ಎಬ್ಬಿಸಿ ಅಲ್ಲಿಗೇ ಕರೆಸಿದೆ.

ಒಡತಿ ತಮ್ಮ ಹಾರ್ನೆಸ್ ಹೋಗಿ ಕೂರುವ ಕ್ಯಾಬಿನೆಟ್ಟನ್ನು ನೋಡಿದ್ದು ಅದೇ ಮೊದಲು. ಸೂಟಿನ ತೋಳು ಮಡಚಿ ಒಳಗೆ ಕೈ ಹಾಕಿದರು, ಕೀಲಿನ ಹತ್ತಿರ ಬೆರಳಾಡಿಸಿದರು. "ಓ, ಇಲ್ಲಿಂದ ತಿರುಗುತ್ತಾ" ಎಂದು ತಮಗೆ ತಾವೇ ಹೇಳಿಕೊಂಡರು. ಗಿಡ್ಡ ಹಾರ್ನೆಸ್ ಬಿಚ್ಚಿ ಹೊಸದನ್ನು ತಾವೇ ಕೂರಿಸಿದರು. ಬಾಗಿಲು ತೆಗೆದರು, ಮುಚ್ಚಿದರು, ಮತ್ತೆ ತೆಗೆದರು. ದೀಪ ಹತ್ತಿಕೊಂಡೇ ಇತ್ತು. ಮೇಲ್ವಿಚಾರಕ ತಾನೂ ಒಂದು ಸಲ ತೆಗೆದು ನೋಡಿದ. ಅವನಿಗೆ ಆ ಬಾಗಿಲೆಂದರೆ ಆಸೆ.

ಮ್ಯಾನೇಜರ್ ಹಲಗೆ ನೋಡಿದ, ಕೆಂಪು ಪೆನ್ಸಿಲಿನ ಪ್ರತಿ ನೋಡಿದ, ಹಳೆಯವರ ಹಾರ್ನೆಸ್ಸಿನ ಮೇಲೆ ನಾನು ಇಟ್ಟ ಅಳತೆಪಟ್ಟಿ ನೋಡಿದ. "ನಕ್ಷೆಯಂತೆಯೇ ಮಾಡಿ ಎಂದು ಇವರಿಗೆ ಹೇಳಿದ್ದು ಯಾರು?" ಎಂದು ಕೇಳಿದ.

ಫ್ಯಾಕ್ಸ್ ಒಡತಿಯ ಕೈಚೀಲದಲ್ಲಿತ್ತು. ಅವರು ಅದನ್ನು ತೆಗೆಯಲಿಲ್ಲ. "ಫೋನಿನಲ್ಲಿ ಏನೋ ಹೆಚ್ಚುಕಮ್ಮಿ ಆಗಿರಬೇಕು" ಎಂದು ಶುರುಮಾಡಿದರು. ನನ್ನ ಕಣ್ಣು ತುಂಬಿಬಂತು. ತಮ್ಮ ಹೆಸರು ಹೋಗುವ ಗಳಿಗೆಯಲ್ಲೂ ಅವರು ನನಗೆ ಅಡ್ಡ ನಿಂತಿದ್ದರು.

"ನಾನು" ಅಂದೆ. ವರದಿಯನ್ನು ಅವನ ಕೈಗೆ ಕೊಟ್ಟೆ.

ಅವನು ಓದಿದ. ಇನ್ನೊಂದು ಸಲ ಓದಿದ. ಕೊನೆಗೆ ಅವನು ಒಡತಿಯ ಕಡೆ ತಿರುಗಿ, "ಬೇರೆ ನಕ್ಷೆಗಳಲ್ಲೂ ಇಂಥದ್ದು ಏನಾದರೂ ನಿಮ್ಮ ಕಣ್ಣಿಗೆ ಬಿದ್ದಿದೆಯೇ?" ಎಂದು ಕೇಳಿದ. ಈ ಸಲ 'ಪಾಪ' ಎಂಬ ದನಿ ಇರಲಿಲ್ಲ.

"ಬಿದ್ದಿದೆ" ಅಂದರು ಒಡತಿ.

ಹೆಸರು ಪಟ್ಟಿಯಲ್ಲಿ ಉಳಿಯಿತು. ಎಂಟು ಜನವೂ ಉಳಿದರು. ಹೊಸ ಸರಬರಾಜುದಾರರನ್ನು ಮೊದಲ ಕಂತಿಗೆ ಮುಂಚೆಯೇ ಜೋಡಣಾ ವಿಭಾಗಕ್ಕೆ ಕರೆತರಬೇಕು ಎಂಬ ನಿಯಮ ಬಂತು. ಅದನ್ನು ಮ್ಯಾನೇಜರ್ ತನ್ನದೇ ಯೋಚನೆಯೆಂಬಂತೆ ಹೇಳಿಕೊಂಡು ಓಡಾಡಿದ, ಓಡಾಡಲಿ. ನನ್ನ ಕಡತಕ್ಕೆ ಎಚ್ಚರಿಕೆಯ ಒಂದು ಪತ್ರ ಸೇರಿತು. ಗ್ರೀನ್ ಕಾರ್ಡ್ ಬರುವವರೆಗೂ ದಿನಕ್ಕೆರಡು ಸಲ ಟಪಾಲು ಪೆಟ್ಟಿಗೆ ತೆಗೆದು ನೋಡುತ್ತಿದ್ದೆ. ರೆಸ್ಟನ್‌ನ ಹಿರಿಯರಿಂದ ವಿವರಣೆ ಕೇಳಿದರು. ಅವರು ಒಂದು ತಿಂಗಳು ನನ್ನೊಡನೆ ಮಾತು ಬಿಟ್ಟರು. ಆಮೇಲೆ ಒಂದು ಬೆಳಿಗ್ಗೆ ಅವರಾಗಿಯೇ ಫೋನ್ ಮಾಡಿದರು. "ಡ್ರಾಯರಲ್ಲಿ ಇದ್ದಿದ್ದೆಲ್ಲಾ ರಿವೈಸ್ ಮಾಡಿ ಕಳ್ಸಿದೀನಮ್ಮ. ಆ ಯಮ್ಮಂಗೆ ನನ್ ನಂಬರ್ ಕೊಡು. ಕಾಫಿಗಿಂತ ಮುಂಚೆ ಮಾತ್ರ ಬೇಡ ಅನ್ನು."

ಆ ವಾರವೇ ಕಾರ್ಖಾನೆಗೆ ಹೋದೆ. ಹಲಗೆಯ ಮೇಲೆ ಹೊಸ ನಕ್ಷೆ ಅಂಟಿಸಿದ್ದರು, ಮೊಳೆ ಎರಡು ಬೆರಳು ಆಚೆ ನಿಂತಿತ್ತು. ಗೋಡೆಯ ಮೇಲೆ ನನ್ನ ಫ್ಯಾಕ್ಸ್ ಮಾತ್ರ ಮತ್ತೆ ಹಳೆಯ ಜಾಗದಲ್ಲೇ ತೂಗುತ್ತಿತ್ತು.

"ದಯವಿಟ್ಟು ಇದನ್ನು ತೆಗೆದುಬಿಡಿ. ನನಗೆ ನೋಡೋಕೆ ಆಗಲ್ಲ."

"ತೆಗೆಯಲ್ಲ" ಅಂದರು ಒಡತಿ. "ನಿಮ್ಮ ಕಂಪನಿಯಿಂದ ನನಗೆ ಎಷ್ಟು ಕಾಗದ ಬಂದಿದೆ ನೋಡಿದೀಯಾ? ಒಂದು ಕಪಾಟು ತುಂಬ ಇದೆ. ಎಲ್ಲದರಲ್ಲೂ 'ಮಾನ್ಯ ಸರಬರಾಜುದಾರರೇ' ಅಂತ ಶುರು, 'ಖರೀದಿ ವಿಭಾಗ' ಅಂತ ಮುಕ್ತಾಯ. ಒಬ್ಬ ಮನುಷ್ಯರ ಹೆಸರು ಇರೋದು ಇದೊಂದರಲ್ಲೇ. ಕಷ್ಟ ಬಂದರೆ ಯಾರನ್ನು ಕೇಳಬೇಕು ಅಂತ ನಮ್ಮ ಹುಡುಗಿಯರಿಗೆ ಗೊತ್ತಿರಲಿ ಅಂತ ಹಾಕಿದ್ದು."

ನಾನು ಅವರ ಮೇಜಿನಿಂದ ಪೆನ್ನು ತೆಗೆದುಕೊಂಡು, ಸ್ಟೂಲಿನ ಮೇಲೆ ಹತ್ತಿ, ನನ್ನ ಸಹಿಯ ಕೆಳಗೆ ರೆಸ್ಟನ್‌ನ ಹಿರಿಯರ ಹೆಸರನ್ನೂ ಅವರ ಮೇಜಿನ ಫೋನ್ ನಂಬರನ್ನೂ ದಪ್ಪ ಅಕ್ಷರದಲ್ಲಿ ಬರೆದೆ.